ಮಡಿಸುವ ಚಾಕುವಿನ ಯೋಗ್ಯತಾ ನಿರ್ಣಯ

ಹಳೆಯ ಕಡತಗಳ ವಿಭಾಗ, ಮೂರನೆಯ ಮಹಡಿ

ಸಂಖ್ಯೆ: ಹಕವಿ/ಚಾಕು/ಮಡಿಕೆ/17

ಸುತ್ತೋಲೆ

ವಿಷಯ: ವಿಭಾಗಕ್ಕೆ ಖರೀದಿಸಲಾದ ಉತ್ಕೃಷ್ಟ ದರ್ಜೆಯ ಮಡಿಸುವ ಚಾಕು ಕೊಟ್ಟ ಬೆಲೆಗೆ ತಕ್ಕದ್ದೇ ಎಂಬುದನ್ನು ನಿರ್ಣಯಿಸುವ ಬಗ್ಗೆ.

ಉಲ್ಲೇಖ:
(1) ಅಧೀಕ್ಷಕರು ಸ್ವತಃ ಅಂಗಡಿಗೆ ಹೋಗಿ, ನೋಡಿ, ಮೆಚ್ಚಿ ಬರೆದ ಟಿಪ್ಪಣಿ.
(2) ಅದರ ಮೇಲೆ ಲೆಕ್ಕಪತ್ರ ಶಾಖೆಯ ಷರಾ: “ಇಷ್ಟು ದುಡ್ಡಾ?”
(3) ಕಟ್ಟಣ್ಣನವರ ಮೌಖಿಕ ಮನವಿಗಳು, ಹನ್ನೊಂದು.

ಕಡತದ ಕಟ್ಟುಗಳ ಹುರಿ ಕತ್ತರಿಸಲೆಂದು ವಿಭಾಗವು ಕೊಂಬಿನ ಹಿಡಿಯ ಮಡಿಸುವ ಚಾಕುವೊಂದನ್ನು ಖರೀದಿಸಿರುತ್ತದೆ. ಅಲಗನ್ನು ಬೆನ್ನಿನ ಸ್ಪ್ರಿಂಗೊಂದೇ ಬಿಗಿಹಿಡಿಯುವ ಈ ಚಾಕುವಿನ ಬೆಲೆ ಸಾಮಾನ್ಯ ಚಾಕುವಿನ ನಲವತ್ತು ಪಟ್ಟು. ಹೋಲಿಸಿ ನೋಡುವ ಸಲುವಾಗಿ, ಇಡೀ ಕಚೇರಿ ಕಟ್ಟಣ್ಣ ಎಂದು ಕರೆಯುವ ದಾಖಲೆ ಕೊಠಡಿ ಸಹಾಯಕರ ಸ್ವಂತ ಹಳೆಯ ಚಾಕುವನ್ನು ‘ಹೋಲಿಕೆ ಮಾದರಿ’ ಎಂದು ವಶಕ್ಕೆ ಪಡೆದು, ಎರಡನ್ನೂ ಕಬ್ಬಿಣದ ಬೀರುವಿನಲ್ಲಿ ಇಡಲಾಗಿದೆ. ಕಟ್ಟಣ್ಣನವರು ಇದೇ ಶುಕ್ರವಾರ ನಿವೃತ್ತರಾಗುವರು. ನಿರ್ಣಯವನ್ನು ಇನ್ನಷ್ಟು ಎಳೆಯಲು ಅವಕಾಶವಿಲ್ಲವೆಂದು ವಿಷಾದದಿಂದ ಒಪ್ಪಿ, ಸರ್ವ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ:

1. ಸದ್ದು: ಒಳ್ಳೆಯ ಚಾಕು ಮುಚ್ಚುವಾಗ ‘ಟಕ್’ ಎನ್ನತಕ್ಕದ್ದು. ಸದರಿ ಸದ್ದು ಮೂರನೆಯ ಮೇಜಿನವರೆಗೂ ಕೇಳಿಸಿದೆ. ಅದನ್ನು ಊಟದ ಡಬ್ಬಿಯ ಸದ್ದೆಂದು ಭಾವಿಸಿ ಇಬ್ಬರು ಕೈತೊಳೆಯಲು ಹೊರಟದ್ದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಇನ್ನು ಮುಂದೆ ಚಾಕುವನ್ನು ಊಟದ ವೇಳೆಗೆ ಮಾತ್ರ ಮುಚ್ಚತಕ್ಕದ್ದು.

2. ಸಂದು: ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಸ್ಪ್ರಿಂಗಿಗೂ ಹಿಡಿಗೂ ನಡುವೆ ಸಂದು ಕಾಣಬಾರದು. ಮೌಲ್ಯಮಾಪನ ಸಮಿತಿಗೆ ಸಂದು ಕಾಣಲಿಲ್ಲ; ಕಿಟಕಿಯ ಧೂಳು ಕಂಡಿತು. ಧೂಳಿಗೆ ಪ್ರತ್ಯೇಕ ಕಡತ ತೆರೆಯಲಾಗಿದೆ.

3. ಅರ್ಧ ನಿಲುಗಡೆ: ಅಲಗು ಮಡಚುವಾಗ ಅರ್ಧದಲ್ಲಿ ಒಮ್ಮೆ ನಿಲ್ಲುತ್ತದೆ. ಇದು ಬೆರಳು ಉಳಿಸುವ ವಿಶೇಷ ಗುಣವೆಂದು ಅಂಗಡಿಯವರು ಹೆಚ್ಚು ಬೆಲೆ ಹಾಕಿದ್ದಾರೆ. ಅರ್ಧದಲ್ಲಿ ನಿಲ್ಲುವ ಗುಣವು ಈ ಕಚೇರಿಯ ಎಲ್ಲ ಕಡತಗಳಲ್ಲೂ ಪುಕ್ಕಟೆಯಾಗಿ ದೊರೆಯುತ್ತಿರುವುದರಿಂದ ಸದರಿ ಅಂಶಕ್ಕೆ ಅಂಕ ನೀಡಿಲ್ಲ.

4. ಉಗುರು: ಸ್ಪ್ರಿಂಗ್ ಬಿಗಿಯಾಗಿದ್ದು, ಅಲಗು ಬಿಚ್ಚಲು ಹೋಗಿ ಮುಖ್ಯ ಗುಮಾಸ್ತರ ಹೆಬ್ಬೆರಳ ಉಗುರು ಮುರಿದಿದೆ. ಆದ್ದರಿಂದ ಯಾವುದೇ ಸಿಬ್ಬಂದಿ ಬಲ ಹೆಬ್ಬೆರಳ ಉಗುರನ್ನು ಪೂರ್ವಾನುಮತಿಯಿಲ್ಲದೆ ಕತ್ತರಿಸಿಕೊಳ್ಳತಕ್ಕದ್ದಲ್ಲ. ಉಗುರು ಕಚ್ಚುವ ಅಭ್ಯಾಸವಿರುವವರು ಅದನ್ನು ಎಡಗೈಗೆ ವರ್ಗಾಯಿಸಿಕೊಳ್ಳುವುದು.

5. ಕತ್ತರಿಸುವಿಕೆ: ಒಮ್ಮೆ ಕತ್ತರಿಸಿದರೆ ಚಾಕು ‘ಬಳಸಿದ ವಸ್ತು’ವಾಗಿ ಬೆಲೆ ಕಳೆದುಕೊಳ್ಳುವುದರಿಂದ, ಅದರಿಂದ ಏನನ್ನೂ ಕತ್ತರಿಸಬಾರದೆಂದು ಈ ಮೂಲಕ ಆದೇಶಿಸಿದೆ. ಹರಿತದ ಪರೀಕ್ಷೆಯನ್ನು ಸಮಿತಿಯು ಅಲಗನ್ನು ದಿಟ್ಟಿಸಿ ನೋಡಿ ಮುಗಿಸಿರುತ್ತದೆ.

6. ಎರಡೂ ಚಾಕುಗಳು ಬೀರುವಿನಲ್ಲಿರುವ ಅವಧಿಯಲ್ಲಿ ಹುರಿಯನ್ನು ಹಲ್ಲಿನಿಂದ ಬಿಡಿಸಬಹುದು. ಕಟ್ಟಿಸಿದ ಹಲ್ಲಿನವರು ಲಿಖಿತ ಒಪ್ಪಿಗೆ ನೀಡತಕ್ಕದ್ದು. ಹೋದ ಹಲ್ಲಿಗೆ ವಿಭಾಗ ಹೊಣೆಯಲ್ಲ.

7. ಹೋಲಿಕೆ ಮಾದರಿ: ಅಲಗು ಸವೆದು ಅರ್ಧವಾಗಿದೆ. ಸದ್ದಿಲ್ಲ. ಸಂದಿನಲ್ಲಿ ಕಿಟಕಿ, ಧೂಳು ಎರಡೂ ಕಾಣುತ್ತವೆ. ಹಿಡಿಯ ಒಂದು ಪಕ್ಕ ಬಿದ್ದುಹೋಗಿದ್ದು, ಆ ಜಾಗಕ್ಕೆ ನೀಲಿ ದಾರ ಸುತ್ತಿದೆ. ಸುತ್ತಿದವರಾರೆಂದು ವಿಚಾರಿಸಲಾಗಿ, “ನಮ್ಮಕ್ಕ ಸಾರ್. ಬಟ್ಟೆ ಹೊಲಿಯೋಳು. ಹೊಲಿಗೆ ಬಿಚ್ಚೋಕೆ ಅಂತ ಅವಳೇ ಇಟ್ಕೊಂಡಿದ್ದ ಚಾಕು. ನಿಮ್ಮದು ಎಷ್ಟು ಬೇಕಾದ್ರೂ ಬೆಲೆ ಬಾಳ್ಲಿ, ಬೇಡ ಅನ್ನಲ್ಲ. ನನ್ನದು ನನಗೆ ಕೊಟ್ಬಿಡಿ” ಎಂದು ಕಟ್ಟಣ್ಣನವರು ಹೇಳಿಕೆ ನೀಡಿರುತ್ತಾರೆ. ಅಕ್ಕ ಈಗಿಲ್ಲ. ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲದ್ದರಿಂದ ಸಮಿತಿಯು ಚಹಾಕ್ಕೆ ಎದ್ದಿತು.

8. ನಿನ್ನೆ ಕಟ್ಟಣ್ಣನವರ ಸೇವಾ ಪುಸ್ತಕವನ್ನು ಹೊರತೆಗೆಯಬೇಕಾಯಿತು. ಅದಿದ್ದ ಕಟ್ಟಿನ ಗಂಟು ಅವರೇ ಹಾಕಿದ್ದು, ಹಲ್ಲಿಗೆ ಬಗ್ಗಲಿಲ್ಲ. ಕೆಳಗೆ ಸಹಿ ಮಾಡಿದವರು ಬೀರು ತೆರೆದರು. ಎರಡೂ ಚಾಕುಗಳು ಎದುರಿಗಿದ್ದವು, ಕೊಠಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೈ ಯಾವುದರ ಮೇಲೆ ಬಿತ್ತೆಂಬುದನ್ನು ಇಲ್ಲಿ ನಮೂದಿಸುವ ಅಗತ್ಯವಿಲ್ಲ. ಬೆರಳಿಗೆ ನೀಲಿ ದಾರ ಒರಟೊರಟಾಗಿ ಹತ್ತಿತು. ಹುರಿ ಒಂದೇ ಎಳೆತಕ್ಕೆ ತುಂಡಾಯಿತು.

9. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಹೊಸ ಚಾಕು ಬೆಲೆಗೆ ತಕ್ಕದ್ದೆಂದು, ಆದರೆ ಚಾಕು ಬೇಕಾದಾಗ ಬೇರೊಂದನ್ನು ಹುಡುಕಿಕೊಳ್ಳತಕ್ಕದ್ದೆಂದು ತೀರ್ಮಾನಿಸಲಾಗಿದೆ. ಹೋಲಿಕೆ ಮಾದರಿಯ ಬೆಲೆ ನಿರ್ಧರಿಸಲು ಈ ವಿಭಾಗಕ್ಕೆ ಅಧಿಕಾರವಿರುವುದಿಲ್ಲ.

ಸಹಿ/-
ಅಧೀಕ್ಷಕರು
(ಚಾಕು ಖರೀದಿಸಿದವರು ಹಾಗೂ ಮೌಲ್ಯಮಾಪನ ಸಮಿತಿಯ ಅಧ್ಯಕ್ಷರು)

ಪ್ರತಿಗಳು:
1. ಲೆಕ್ಕಪತ್ರ ಶಾಖೆಗೆ: ಉಲ್ಲೇಖ (2)ರ ಪ್ರಶ್ನೆಗೆ “ಹೌದು” ಎಂಬ ಉತ್ತರದೊಂದಿಗೆ.
2. ಮುಖ್ಯ ಗುಮಾಸ್ತರಿಗೆ: ಉಗುರಿನ ಬೆಳವಣಿಗೆಯ ವಾರದ ವರದಿ ಕೋರಿ.
3. ಕಿಟಕಿ ಧೂಳಿನ ಕಡತಕ್ಕೆ.
4. ಕಟ್ಟಣ್ಣನವರಿಗೆ: ಅರಗು ಮೊಹರಿನ ಲಕೋಟೆಯಲ್ಲಿ. ಲಕೋಟೆ ಬಿಚ್ಚಲು ಚಾಕು ಬೇಕಾಗುವುದರಿಂದ ಅವರ ಚಾಕುವನ್ನು ಹೊರಗಡೆ ಕಟ್ಟಿದೆ. ಗಂಟು ಸಡಿಲವಾಗಿಯೇ ಹಾಕಿದೆ.