ಊರು ಕೇಳಿ ಕೊಂಡ ಕ್ಯಾಮೆರಾ

ಅಂಗಡಿಯವನು ಹೇಳಿದ ಬೆಲೆಗೇ ಒಂದು ವಸ್ತುವನ್ನು ಕೊಂಡು ತಂದ ದಿನ ನನಗೆ ಊಟ ರುಚಿಸುವುದಿಲ್ಲ. ಇದನ್ನು ಜಿಪುಣತನ ಅನ್ನಬೇಡಿ. ಜಿಪುಣ ಖರ್ಚೇ ಮಾಡುವುದಿಲ್ಲ. ನಾನು ಧಾರಾಳವಾಗಿ ಮಾಡುತ್ತೇನೆ. ಆದರೆ ಪಕ್ಕದ ಮನೆಯವರಿಗಿಂತ ತುಸು ಕಡಿಮೆ ಕೊಟ್ಟೆ ಎಂಬ ಸಮಾಧಾನವೊಂದು ನನಗೆ ಬೇಕು. ಆ ಸಮಾಧಾನದ ಬೆನ್ನು ಹತ್ತಿ ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಫ್ಲ್ಯಾಟಿಗೆ ಏನೇನು ಬಂದಿದೆ ಅಂತೀರಿ! ಎಡಕ್ಕೆ ಮಾತ್ರ ತಿರುಗುವ ಟೇಬಲ್ ಫ್ಯಾನು, ಸೀಟಿ ಹೊಡೆಯಲು ನಾಚಿಕೊಳ್ಳುವ ಕುಕ್ಕರು, ಒಂದೇ ಕಾಲಿಗೆ ಸರಿಹೋಗುವ ವಾಕಿಂಗ್ ಶೂ. ನನ್ನ ಹೆಂಡತಿ ವನಜಾ ಇಪ್ಪತ್ತೆಂಟು ವರ್ಷ ಇವನ್ನೆಲ್ಲ ನನ್ನ ಜೊತೆಗೇ ಸಹಿಸಿಕೊಂಡು ಬಂದಿದ್ದಾಳೆ. ತನಗೆಂದು ಏನನ್ನೂ ಕೇಳದ ಅವಳು ಕಳೆದ ಚಳಿಗಾಲದಲ್ಲಿ ಮೊದಲ ಸಲ ಒಂದು ವಸ್ತು ಕೇಳಿದಳು. ಕ್ಯಾಮೆರಾ.

ಅದಕ್ಕೆ ಕಾರಣ ಫ್ಲೆಮಿಂಗೋ. ಐರೋಲಿಯ ಖಾಡಿಗೆ, ಅಂದರೆ ಸಮುದ್ರದ ಕೆಸರು ಹಿನ್ನೀರಿಗೆ, ಪ್ರತಿವರ್ಷ ಈ ಗುಲಾಬಿ ಹಕ್ಕಿಗಳು ಬರುತ್ತವಲ್ಲ, ಅವನ್ನು ನೋಡುವ ಒಂದು ಗುಂಪಿಗೆ ವನಜಾ ಸೇರಿದ್ದಳು. ಮಗಳು ಶ್ರುತಿಯ ಆಫೀಸು ಅಲ್ಲೇ ಹತ್ತಿರ. ತಾಯಿ ಮನೆಯಲ್ಲಿ ಸುಮ್ಮನೆ ಕೂತಿರುವುದು ಬೇಡವೆಂದು ಅವಳೇ ಸೇರಿಸಿದ್ದು. ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಹೊರಟರೆ ವನಜಾ ಮಧ್ಯಾಹ್ನ ಬರುವಾಗ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿರುತ್ತಿತ್ತು. ಗುಂಪಿನವರು ಮಾರ್ಚಿನಲ್ಲಿ ಒಂದು ಫೋಟೊ ಪ್ರದರ್ಶನ ಇಡುವವರಿದ್ದರು. ತಲೆಗೆ ಎಂಟು ಫೋಟೊ. ವನಜಾಳ ಫೋನಿನಲ್ಲಿ ಹಕ್ಕಿಗಳೆಲ್ಲ ಕೆಸರಿಗೆ ಚೆಲ್ಲಿದ ಕುಂಕುಮದ ಹಾಗೆ ಕಾಣುತ್ತಿದ್ದವು. "ದೂರದ್ದನ್ನು ಹತ್ತಿರ ತೋರಿಸುವ ಒಂದು ಕ್ಯಾಮೆರಾ ಇದ್ದಿದ್ರೆ ನಂದೂ ಎಂಟು ಅಲ್ಲಿ ತೂಗ್ತಿತ್ತು" ಎಂದಳು. ನಮ್ಮ ಮನೆಮಾತು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಆದರೆ ಅವಳ ದನಿಯಲ್ಲಿದ್ದ ಆಸೆಯನ್ನು ಯಾವ ಭಾಷೆಗೆ ತರುವುದು ಹೇಳಿ? "ಅದನ್ನು ನನಗೆ ಬಿಡು" ಎಂದೆ. ಅವಳ ಮುಖ ಸ್ವಲ್ಪ ಬಾಡಿತು.

ನಾನು ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಲಾರಿಯಿಂದ ಇಳಿದ ಪ್ರತಿ ಪೆಟ್ಟಿಗೆಯ ಚೀಟಿ ಓದಿ, ನಂಬರು ತಾಳೆ ನೋಡಿ, ಅನುಮಾನ ಬಂದರೆ ಲಾರಿಯನ್ನೇ ವಾಪಸು ಕಳಿಸುವುದು ನನ್ನ ಕೆಲಸ. ನನ್ನ ಕಣ್ಣು ತಪ್ಪಿಸಿ ಒಂದು ನಕಲಿ ಬೇರಿಂಗೂ ಒಳಗೆ ಬಂದದ್ದಿಲ್ಲ. ಅಂಥವನಿಗೆ ಮೊನ್ನೆ ಮೊನ್ನೆ ಹುಟ್ಟಿದ ಮಗಳು ಪಾಠ ಹೇಳಿದಳು.

"ಪಪ್ಪಾ, ಆನ್‌ಲೈನ್ ಮೇ ಸಸ್ತಾ ದಿಖಾ ತೋ ಸಂಭಾಲ್ ಕೇ. ಗ್ರೇ ಮಾರ್ಕೆಟ್ ಕಾ ಮಾಲ್ ಹೋತಾ ಹೈ" ಎಂದಳು. ಅಗ್ಗ ಕಂಡರೆ ಹುಷಾರು, ಗ್ರೇ ಮಾರ್ಕೆಟ್ಟಿನ ಮಾಲಿರುತ್ತದೆ ಎಂದು. ಅವಳಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತವೆ. ಉತ್ತರ ಮಾತ್ರ ಹಿಂದಿಯಲ್ಲಿ. ಸಿಟ್ಟು ಬಂದರೆ ಮರಾಠಿಯಲ್ಲಿ.

ಗ್ರೇ ಮಾರ್ಕೆಟ್ ಎಂದರೆ ಡೂಪ್ಲಿಕೇಟ್ ಅಲ್ಲವಂತೆ. ಮಾಲು ಅಸಲಿಯೇ. ಆದರೆ ಬೇರೆ ದೇಶದಲ್ಲಿ ಮಾರಲೆಂದು ಮಾಡಿದ್ದು, ಕಂಪನಿಯ ಬಾಗಿಲಿನಿಂದ ಬಾರದೆ ಹಿತ್ತಲಿನಿಂದ ಬಂದದ್ದು. ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರಿನವರು ಮುಟ್ಟುವುದಿಲ್ಲ. ಗುರುತು ಹಿಡಿಯುವುದು ಹೇಗೆ? ಪೆಟ್ಟಿಗೆಯ ಮೇಲೆ ರೂಪಾಯಿಯ ಎಂ.ಆರ್.ಪಿ. ಚೀಟಿ, ತರಿಸಿಕೊಂಡವರ ಹೆಸರು ವಿಳಾಸ ಇರಬೇಕು. ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟು ಒಪ್ಪಬೇಕು. ಜಿ.ಎಸ್.ಟಿ. ಬಿಲ್ಲು ಬೇಕು. 'ಸೆಲ್ಲರ್ ವಾರಂಟಿ', ಅಂದರೆ ಕಂಪನಿಯದಲ್ಲದ ಬರೀ ಮಾರುವವನ ಭರವಸೆ, ಅಂತ ಬರೆದಿದ್ದರೆ ಎದ್ದು ಓಡಬೇಕು. ಅರೆ, ಇದು ನಾನು ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸವೇ ಅಲ್ಲವೇ! ಎರಡೇ ದಿನದಲ್ಲಿ ನಾನು ಪಂಡಿತನಾದೆ. ಎಲ್ಲರೂ ಮುಂಬಯಿ ಕಡೆಗೆ ನುಗ್ಗುವಾಗ ನಾನು ಉಲ್ಟಾ ದಿಕ್ಕಿನ ಲೋಕಲ್ ರೈಲು ಹಿಡಿಯುವವನಾದ್ದರಿಂದ ನನಗೆ ಸೀಟೂ ಸಿಗುತ್ತದೆ, ಕೇಳುಗರೂ ಸಿಗುತ್ತಾರೆ. ಒಂದು ವಾರ ಡೊಂಬಿವಲಿಯಿಂದ ಅಂಬರನಾಥದವರೆಗೆ ನನ್ನ ಉಪನ್ಯಾಸವೇ. ಒಬ್ಬರಂತೂ ಮೂರು ವರ್ಷ ಹಳೆಯ ಮಿಕ್ಸರಿನ ಪೆಟ್ಟಿಗೆಯ ಫೋಟೊ ತಂದು, ಇದು ಯಾವ ಮಾರ್ಕೆಟ್ಟಿನದು ಎಂದು ಕೇಳಿದರು.

ಹೀಗಿರುವಾಗ ಒಂದು ವೆಬ್‌ಸೈಟಿನಲ್ಲಿ ವನಜಾಳಿಗೆ ಬೇಕಾದ ಕ್ಯಾಮೆರಾ ಕಂಡಿತು. ಬೇರೆಡೆಗಿಂತ ಕಾಲುಭಾಗ ಕಡಿಮೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಸೆಲ್ಲರ್ ವಾರಂಟಿ'. ಸಿಕ್ಕಿಬಿದ್ದ ಕಳ್ಳ! ಕೊಳ್ಳುವುದಕ್ಕಲ್ಲ, ಅವನ ಬಣ್ಣ ಬಯಲು ಮಾಡುವುದಕ್ಕೆಂದೇ ಫೋನು ಮಾಡಿದೆ, ದೇವರಾಣೆ. ಹಿಂದಿಯಲ್ಲಿ ಗಡಸಾಗಿ, "ಇಂಪೋರ್ಟರ್ ಕೌನ್ ಹೈ?" ಎಂದೆ. ಆಗ ಆ ಮನುಷ್ಯ ಪಕ್ಕದಲ್ಲಿ ಯಾರಿಗೋ ಕಾಯಲು ಹೇಳುತ್ತ, "ಒಂಜಿ ನಿಮಿಷ ಉಂತುಲೆ" ಎಂದ.

ತುಳು! ಇನ್ನು ಮುಂದಿನದಕ್ಕೆ ನಾನು ಜವಾಬ್ದಾರನಲ್ಲ. ಪರವೂರಿನಲ್ಲಿರುವ ನಮ್ಮ ಕಡೆಯವರಿಗೆ ಒಂದು ಪದ್ಧತಿ ಉಂಟು. ನಮ್ಮವರ ದನಿ ಕೇಳಿದರೆ ಊರು ಯಾವುದು ಎನ್ನಬೇಕು. ಊರು ಸಿಕ್ಕಿದರೆ ಮನೆ ಯಾವುದು ಎನ್ನಬೇಕು. ಏನಾದರೊಂದು ಸಂಬಂಧ ಹೊರಡುವವರೆಗೆ ಬಿಡಬಾರದು. ಅವನ ಹೆಸರು ಯತೀಶ, ಊರು ನಮ್ಮ ಉಡುಪಿ ಕಡೆಯ ಬೆಳ್ಮಣ್ ಹತ್ತಿರ, ಅಂಗಡಿ ಘಣಸೋಲಿಯಲ್ಲಿ. ಅವನ ದೊಡ್ಡಮ್ಮನನ್ನು ಕೊಟ್ಟದ್ದು ನನ್ನ ತಾಯಿಯ ತವರಿನ ಪಕ್ಕದ ಮನೆಗೆ. ಆ ಲೆಕ್ಕದಲ್ಲಿ ನಾನು ಅವನಿಗೆ ಮಾಮ. ದೊಡ್ಡಮ್ಮನ ಮೊಣಕಾಲು ನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆವು. ನಾನು ಒಂದು ಎಣ್ಣೆಯ ಹೆಸರನ್ನೂ ನನ್ನ ಸ್ಟೋರ್ಸ್ ಕೆಲಸವನ್ನೂ ಹೇಳಿದೆ. ಅದಾದ ಮೇಲೆ ಸ್ವಂತ ಅಳಿಯನ ಹತ್ತಿರ ಇಂಪೋರ್ಟರ್ ಯಾರು, ಬಿಲ್ಲು ಎಲ್ಲಿ ಎಂದು ಕೇಳುವುದು ಹೇಗೆ? ಉಂಡ ಮನೆಯಲ್ಲಿ ಅಕ್ಕಿಯ ಬೆಲೆ ವಿಚಾರಿಸಿದ ಹಾಗಾಗುವುದಿಲ್ಲವೇ? ಕಳಿಸು ಮಾರಾಯ ಎಂದೆ.

ಮೂರನೆಯ ದಿನ ಪೆಟ್ಟಿಗೆ ಬಂತು. ವನಜಾ ಕೈತೊಳೆದು ಸೆರಗಿನಲ್ಲಿ ಒರೆಸಿಕೊಂಡು ದೇವರ ಮುಂದಿಟ್ಟು ದೀಪ ಹಚ್ಚಿದಳು. ಶ್ರುತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ರೂಪಾಯಿಯ ಚೀಟಿ ಇಲ್ಲ. ಬಿಲ್ಲಿಲ್ಲ. ಚಾರ್ಜರಿನ ಪಿನ್ನು ನಮ್ಮ ಮನೆಯ ಯಾವ ತೂತಿಗೂ ಹೋಗಲಿಲ್ಲ. ವಾರಂಟಿ ಕಾರ್ಡಿನ ಲಿಪಿ ನಾವು ಮೂವರೂ ಜನ್ಮದಲ್ಲಿ ಕಂಡದ್ದಲ್ಲ. ಸೀರಿಯಲ್ ನಂಬರು ಹಾಕಿದರೆ ಕಂಪನಿಯ ವೆಬ್‌ಸೈಟು ಇಂಥದ್ದೊಂದು ಇಲ್ಲವೇ ಇಲ್ಲ ಎಂದಿತು.

"ಪಪ್ಪಾ, ತುಮ್ಹೀ ವಿಚಾರಲಂ ನಾಹೀ ಕಾ?" ಮಗಳು ಮರಾಠಿಗೆ ಇಳಿದಿದ್ದಳು. ಕೇಳಲಿಲ್ಲವಾ ಎಂದರೆ ಏನು ಹೇಳಲಿ? ಮೊಣಕಾಲಿನ ಬಗ್ಗೆ ಕೇಳಿದ್ದೆ.

ವನಜಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇರಲಿ ಬಿಡಿ, ನನಗೆ ಫೋನೇ ಸಾಕು. ಪ್ರದರ್ಶನ ಮುಂದಿನ ವರ್ಷವೂ ಉಂಟಲ್ಲ" ಎಂದು ಪೆಟ್ಟಿಗೆ ಮುಚ್ಚಿ ಅಡುಗೆಮನೆಗೆ ಹೋದಳು. ಅಲ್ಲಿ ಸೀಟಿ ಹೊಡೆಯದ ಕುಕ್ಕರಿನ ಮುಂದೆ ಅವಳು ಸುಮ್ಮನೆ ನಿಂತದ್ದನ್ನು ಕಂಡು ನನಗೆ ನನ್ನ ಮೇಲೆಯೇ ಅಸಹ್ಯ ಬಂತು. ಮಾರ್ಚಿಗೆ ಇನ್ನು ಐದು ವಾರವಿತ್ತು.

ಮರುದಿನ ರಜೆ ಹಾಕಿ, ಪೆಟ್ಟಿಗೆ ಹಿಡಿದು ಘಣಸೋಲಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಯತೀಶ ಮೂವತ್ತೈದರ ಸೌಮ್ಯ ಮನುಷ್ಯ. ಕಂಡೊಡನೆ ಎದ್ದು ಕಾಲಿಗೆ ಬಿದ್ದ. ಬೈಗುಳದ ಅರ್ಧ ಅಲ್ಲೇ ಖರ್ಚಾಯಿತು. ಉಳಿದರ್ಧ ಹೇಳಿದೆ.

"ಎಂತ ಮಾಮ ನೀವು! ಕೇಳಿದವರಿಗೆ ನಾನು ಸುಳ್ಳು ಹೇಳುವುದಿಲ್ಲ. ಇದು ಹೊರಗಿನ ಮಾಲು, ವಾರಂಟಿ ನನ್ನ ಬಾಯಿಮಾತಿನದ್ದು ಅಂತ ಹೇಳ್ತೇನೆ. ನೀವು ಕೇಳಿಯೇ ಇಲ್ಲ. ಕಳಿಸು ಅಂದ್ರಿ."

"ನೀನಾದರೂ ಹೇಳಬೇಡವಾ?"

"ಸ್ಟೋರ್ಸಿನವರು, ಎಲ್ಲ ಗೊತ್ತಿದ್ದೇ ತಗೊಳ್ತಿದ್ದಾರೆ ಅಂದ್ಕೊಂಡೆ. ಮಾಮನಿಗೆ ನಾನು ಪಾಠ ಹೇಳುದಾ?" ಎಂದು ಕ್ಯಾಮೆರಾ ತೆಗೆದುಕೊಂಡು, ಅಲ್ಲೇ ಹಣ ವಾಪಸು ಹಾಕಿದ. ಬೇಡವೆಂದರೂ ಬಿಡದೆ ಚಾ ಕುಡಿಸಿದ. ದೊಡ್ಡಮ್ಮನಿಗೆ ಎಣ್ಣೆಯಿಂದ ಗುಣ ಕಂಡಿದೆಯಂತೆ.

ಆ ಶನಿವಾರ ಠಾಣೆಯ ಕಂಪನಿ ಶೋರೂಮಿಗೆ ಮೂವರೂ ಹೋದೆವು. ಕೌಂಟರಿನಲ್ಲಿದ್ದವರು ನಮ್ಮ ಮಾತು ಕೇಳಿ, "ಓ, ನೀವು ನಮ್ಮ ಕಡೆಯವರಾ? ಯಾವ ಊರಾಯ್ತು?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ವನಜಾ, "ಮೊದಲು ಬಿಲ್ ಮಾಡಿ ಕೊಡಿ, ಊರು ಆಮೇಲೆ ಹೇಳ್ತೇನೆ" ಎಂದಳು. ಚೀಟಿ ಓದಿದಳು, ಸೀರಿಯಲ್ ನಂಬರನ್ನು ಅಲ್ಲೇ ತಾಳೆ ನೋಡಿಸಿದಳು. ನನ್ನ ಮೂವತ್ತು ವರ್ಷದ ಅನುಭವ ಪಕ್ಕದಲ್ಲಿ ಚೀಲ ಹಿಡಿದು ನಿಂತಿತ್ತು. ಹೇಳಿದ ಬೆಲೆಗೇ ಕೊಂಡೆವು. ಆಶ್ಚರ್ಯವೆಂದರೆ ಆ ದಿನ ಊಟ ರುಚಿಸಿತು.

ಮುಂದಿನ ಭಾನುವಾರಗಳಲ್ಲಿ ನಾನೂ ಖಾಡಿಗೆ ಹೋದೆ. ಅವಳು ಕೆಸರಿನ ಅಂಚಿನಲ್ಲಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ನಾನು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರಲಾರದೆ ದೋಣಿಯವರು, ಕಾವಲಿನವರು, ಚಹಾದವರ ಜೊತೆ ಹೊತ್ತು ಕಳೆದೆ.

ಪ್ರದರ್ಶನದ ದಿನ ವನಜಾಳ ಎಂಟು ಫೋಟೊಗಳು ಸಾಲಾಗಿ ತೂಗುತ್ತಿದ್ದವು. ಏಳರಲ್ಲಿ ಫ್ಲೆಮಿಂಗೋ, ಒಂದೊಂದು ಗರಿಯನ್ನೂ ಎಣಿಸುವ ಹಾಗೆ. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಪ್ರತಿ ಹಕ್ಕಿಯ ಕೆಳಗೂ ಹೆಸರು, ವಾಸ, ಸ್ವಭಾವ ಎಂದು ಚೀಟಿ. ಜನ ಮುತ್ತಿಕೊಂಡದ್ದು ಮಾತ್ರ ಎಂಟನೆಯದರ ಮುಂದೆ. ನುಗ್ಗಿ ನೋಡಿದೆ. ಹಿಂದೆ ಸಾವಿರ ಹಕ್ಕಿ ಒಟ್ಟಿಗೇ ಹಾರುತ್ತಿವೆ. ಅವಕ್ಕೆ ಬೆನ್ನು ಹಾಕಿ, ಬಾಯಿ ತೆರೆದುಕೊಂಡು, ಅಪರಿಚಿತನೊಬ್ಬನ ಭುಜದ ಮೇಲೆ ಕೈಯಿಟ್ಟು ನಿಂತವನು ನಾನು. ಕೆಳಗೆ ವನಜಾಳ ದುಂಡು ಅಕ್ಷರ:

'ವಾಸ: ಡೊಂಬಿವಲಿ. ಸ್ವಭಾವ: ನಿರುಪದ್ರವಿ. ತನ್ನ ಜಾತಿಯ ಕೂಗು ಕೇಳಿಸಿದರೆ ಬಲೆಯನ್ನೂ ನೋಡದೆ ಹತ್ತಿರ ಬರುತ್ತದೆ.'

ಎಲ್ಲರೂ ನಗುತ್ತಿದ್ದರು. ಇವಳನ್ನು ಇವತ್ತು ಸುಮ್ಮನೆ ಬಿಡಬಾರದು ಎಂದುಕೊಂಡು ಮುಖ ಬಿಗಿದು ತಿರುಗಿದೆ. ಆಗ ಗುಂಪಿನ ಹಿಂದಿನಿಂದ ಯಾರೋ, "ಇವರು ನಮ್ಮ ಉಡುಪಿ ಕಡೆಯವರ ಹಾಗೆ ಕಾಣ್ತದಲ್ಲ?" ಎಂದರು.

ನಾನು ಆಗಲೇ ಎರಡು ಹೆಜ್ಜೆ ಹತ್ತಿರ ಹೋಗಿದ್ದೆ.