ಹಂದಿಜ್ವರದ ವಾರ್ಡು ಮತ್ತು ಅಂಕೋಲೆ ಬಸ್ಸಿನ ಸೀಟು

ಜೀವ ಕೈಯಲ್ಲಿ ಹಿಡಿದುಕೊಂಡಿರುವಾಗಲೇ ನಗು ಬರುವಂಥದ್ದು ನಡೆಯುತ್ತದೆ, ಏನು ಮಾಡುವುದು? ಹಂದಿಜ್ವರ ಬಂದ ವರ್ಷ ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅದೇ ಜ್ವರದ ವಾರ್ಡಿಗೆ ಹಾಕಿದ್ದರು. ಅಂಕೋಲೆಯ ಮನೆಯಲ್ಲಿ ಅತ್ತೆ, ನಾಲ್ಕು ವರ್ಷದ ಮಗಳು. ಜ್ವರವನ್ನು ಮಗಳಿಗೆ ಅಂಟಿಸಿಬಿಟ್ಟರೆ ಎಂಬ ಹೆದರಿಕೆಯಲ್ಲಿ ದಿನಾ ಸ್ನಾನ ಮಾಡಿಯೇ ಅವಳನ್ನು ಮುಟ್ಟುತ್ತಿದ್ದೆ.

ಸೀಟು

ದಿನಾ ಬಸ್ಸಿನಲ್ಲಿ ನಿಂತೇ ಬರುವವಳು ನಾನು. ಒಂದು ದಿನ ಪಕ್ಕದ ಹೆಂಗಸು ಯಾವ ವಾರ್ಡು ಅಂತ ಕೇಳಿದಳು. ಹೇಳಿದೆ. ಮೂರು ಜನರ ಸೀಟು ಖಾಲಿ! ಕಂಡಕ್ಟರ್ ಟಿಕೆಟನ್ನು ಸೀಟಿನ ತುದಿಯಲ್ಲಿಟ್ಟು ಹಿಂದೆ ಸರಿದ. ಮನಸ್ಸಿಗೆ ಬೇಜಾರು, ಕಾಲಿಗೆ ಆರಾಮು. ಬಿಣಗಾದಲ್ಲಿ ಇಳಿಯುವ ಟೀಚರೊಬ್ಬರು ಇದನ್ನೆಲ್ಲ ನೋಡಿದರು. ಮರುದಿನ ಅವರೂ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಂದು, ಸಣ್ಣಗೆ ಕೆಮ್ಮತೊಡಗಿದರು.

ಒಣಸಿಗಡಿ

ಮಾಜಾಳಿಯ ನಮ್ಮ ಹೆಡ್ ಸಿಸ್ಟರಿಗೆ ಒಂದೇ ಹಟ, ತನ್ನ ಹುಡುಗಿಯರಲ್ಲಿ ಒಬ್ಬಳಿಗೂ ಜ್ವರ ತಾಗಬಾರದು. ಮಾಸ್ಕ್ ಸರಿಯಾಗಿ ಕೂತಿದೆಯೋ ನೋಡಲು ಮನೆಯಿಂದ ಒಣಸಿಗಡಿ ತಂದು ಒಬ್ಬೊಬ್ಬರ ಮೂಗಿನ ಮುಂದೆ ಹಿಡಿದರು. ವಾಸನೆ ಬರಲಿಲ್ಲ ಅಂದೆವು. ಎಲ್ಲರೂ ಪಾಸು.

ಅಷ್ಟರಲ್ಲಿ ಮಾಸ್ಕ್ ಹಾಕಿಕೊಂಡೇ ಒಳಗೆ ಬಂದ ಧಾರವಾಡ ಕಡೆಯ ಡಾಕ್ಟರು, ಮೀನು ಮುಟ್ಟದವರು, ಬಾಗಿಲಲ್ಲೇ ನಿಂತರು. "ಏನ್ ಸತ್ತೈತ್ರೀ ಇಲ್ಲಿ?"

ಹೆಡ್ ಸಿಸ್ಟರಿಗೆ ಸಂಶಯ ಬಂತು. ಮಾಸ್ಕ್ ತೆಗೆದು ಮೂಸು ನೋಡುವಾ ಅಂತ ನನಗೆ ಹೇಳಿದರು. ತೆಗೆದೆ, ಮೂಸಿದೆ. ಒಣಮೀನಿನಲ್ಲೇ ಬೆಳೆದ ಮೂಗು, ಆಗಲೂ ವಾಸನೆ ಬರಲಿಲ್ಲ.

ಕಿಟಕಿ

ಆಮೇಲೆ ಫಿನಾಯಿಲ್ ಹಿಡಿದು ನೋಡಿದರೆ, ಮಾಸ್ಕ್ ಕಟ್ಟಿಕೊಂಡೇ ಎಲ್ಲರೂ ಕೆಮ್ಮಿದೆವು. ಅಂದರೆ ಇಷ್ಟು ದಿನ ಸುಮ್ಮನೆ ಕಟ್ಟಿಕೊಂಡಿದ್ದು. ಮಾರನೆಯ ದಿನವೇ ನನಗೆ ಜ್ವರ.

ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ನನ್ನನ್ನು ಬದಿಯ ಕೋಣೆಯಲ್ಲಿ ಕೂಡಿಹಾಕಿದರು. ಬೆಳಿಗ್ಗೆ ಹೊರಡುವಾಗ ಮಗಳಿಗೆ ಮುತ್ತು ಕೊಟ್ಟು ಬಂದಿದ್ದೆ. ಅದನ್ನೇ ನೆನೆದು ಮೂರು ದಿನ ಕಣ್ಣೀರು ಹಾಕಿದೆ. ಹೆಡ್ ಸಿಸ್ಟರ್ ತಾವೇ ಗಂಜಿ ತಂದುಕೊಟ್ಟು, ಸಿಗಡಿಗೆ ಶಾಪ ಹಾಕಿ ಹೋಗುತ್ತಿದ್ದರು.

ಮೂರನೆಯ ದಿನ ಕಿಟಕಿಯ ಹೊರಗೆ ನಮ್ಮ ಅತ್ತೆ ಬಂದು ನಿಂತರು. ಮಗಳು ಹೇಗಿದ್ದಾಳೆ ಅಂತ ನಾನು ಕೇಳುವ ಮೊದಲೇ ಅವರೇ ಹೇಳಿದರು: "ಗಳಿಗೆಗೊಮ್ಮೆ ಮೈ ಮುಟ್ಟಿ ನೋಡ್ತೇನೆ ಮಗಾ. ಬೆಚ್ಚಗಿಲ್ಲ. ಆಡ್ಕೊಂಡಿದಾಳೆ."

ಅದೇ ಹೊತ್ತಿಗೆ ಹೆಡ್ ಸಿಸ್ಟರ್ ರಿಪೋರ್ಟು ಹಿಡಿದು ಓಡಿ ಬಂದರು. ಹಂದಿಜ್ವರ ಅಲ್ಲ, ಬರೀ ನೆಗಡಿ ಜ್ವರ, ಇವತ್ತೇ ಮನೆಗೆ ಹೋಗಬಹುದು. ನಾನು ಅತ್ತುಬಿಟ್ಟೆ. ಹೊರಗೆ ಅತ್ತೆಯೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ ಹೆಡ್ ಸಿಸ್ಟರಿಗೆ ಅಂದರು:

"ನಾವು ಅಂಕೋಲೆ ಮುಟ್ಟುವ ತನಕ ಯಾರಿಗೂ ಹೇಳ್ಬೇಡಿ ಸಿಸ್ಟರ್. ಸೊಸೆಗೆ ಹಂದಿಜ್ವರ ಅಂದದ್ದಕ್ಕೆ ಬರುವಾಗ ಬಸ್ಸಿನ ಸೀಟಲ್ಲಿ ಮಲಗಿಕೊಂಡು ಬಂದಿದೇನೆ."