ಪೂರ್ಣ ಹೆಸರು ಮತ್ತು ಒಂದು ಕೆಮ್ಮು

ನಗುವಂಥ ಸಂಗತಿಗಳನ್ನು ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಅವು ನಲ್ಲಿಯ ನೀರಿನಂತೆ ಬರುತ್ತವೆ: ಹೊತ್ತಲ್ಲದ ಹೊತ್ತಿನಲ್ಲಿ, ಸದ್ದು ಮಾಡುತ್ತಾ. ಕಳೆದ ಬೇಸಿಗೆಯಲ್ಲಿ ಬಂದವು ಮಾತ್ರ ಮಗಳ ಮೊಬೈಲಿನಿಂದ ಬಂದವು.

ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಪರೀಕ್ಷೆಗಾಗಿ ಒಂದು ಆಪ್ ಸಿದ್ಧಪಡಿಸಿದ್ದಳು. ಕೆಂಪು ಗುಂಡಿ ಒತ್ತಿದರೆ ಧ್ವನಿ ಹಿಡಿಯುತ್ತದೆ, ಹಸಿರು ಒತ್ತಿದರೆ ತಿರುಗಿ ಕೇಳಿಸುತ್ತದೆ. "ಇದು ರಾ ಆಡಿಯೋ, ಅವ್ವಾ. ಏನೂ ಕ್ಲೀನ್ ಮಾಡೂದಿಲ್ಲ, ಇದ್ದದ್ದು ಇದ್ದಂಗ," ಎಂದಳು. ಹಸನು ಮಾಡದ ಜೋಳವಿದ್ದಂತೆ, ಕಲ್ಲು ಕಡ್ಡಿ ಎಲ್ಲವೂ ಸೇರಿಯೇ ಎಂದು ನಾನು ಅರ್ಥಮಾಡಿಕೊಂಡೆ.

ಮನೆಯವರೊಬ್ಬರು ತಮ್ಮ ಭಾಷೆಯಲ್ಲಿ ಮಾತನಾಡಿದ್ದನ್ನು ಅದರಲ್ಲಿ ಹಿಡಿದು ತರಬೇಕೆಂದು, ಮೊದಲಿಗೆ ಅವರು ತಮ್ಮ ಪೂರ್ಣ ಹೆಸರು ಹೇಳಲೇಬೇಕೆಂದು ಕಾಲೇಜಿನ ಮೇಡಂ ವಿಧಿಸಿದ್ದರು. ಇಲ್ಲವಾದರೆ ಪಾಸಿಲ್ಲ. ಮಗಳು ನನ್ನನ್ನು ಆರಿಸಿಕೊಂಡಳು. ನಾಲ್ಕು ಜನರೆದುರು ಬಾಯಿ ಬಿಡದ ನನ್ನನ್ನು!

ರೊಟ್ಟಿಯ ಉತ್ತರ

ನಾನು ಜೋಳದ ರೊಟ್ಟಿ ಬಡಿದು ಸುತ್ತಲಿನ ಮನೆಗಳಿಗೆ ಕೊಡುತ್ತೇನೆ. ಕೈಯಲ್ಲಿ ಕೆಲಸವಿದ್ದರೆ ನಾಚಿಕೆ ಕಡಿಮೆಯಾದೀತೆಂದು ಮಗಳು ರೊಟ್ಟಿ ಬಡಿಯುವಾಗಲೇ ಮೊಬೈಲ್ ತಂದು ಪಕ್ಕದಲ್ಲಿಟ್ಟಳು.

"ಅವ್ವಾ, ನಿನ್ನ ತವರೂರು ವಿಜಯಪುರದ ಕಡೆ ಅಲ್ಲೇನು?"

ನಾನು ಹೌದೆಂದು ತಲೆಯಾಡಿಸಿದೆ.

"ಮುಂಬೈ ನಿನಗ ಅಚ್ಛಾ ಅನಸ್ತದ?"

ಮತ್ತೆ ತಲೆಯಾಡಿಸಿದೆ. ನನ್ನ ಮಟ್ಟಿಗೆ ಬಹಳ ಮಾತನಾಡಿದೆನೆಂದೇ ತಿಳಿದಿದ್ದೆ. ಹಸಿರು ಗುಂಡಿ ಒತ್ತಿದಾಗ ಮಗಳ ಪ್ರಶ್ನೆ ಕೇಳಿತು; ಬಳಿಕ ಪಟ್ ಪಟ್ ಪಟ್. ಇನ್ನೊಂದು ಪ್ರಶ್ನೆ, ಮತ್ತೆ ಪಟ್ ಪಟ್ ಪಟ್.

ಮೂಲೆಯಲ್ಲಿ ಕುಳಿತಿದ್ದ ನನ್ನ ಅತ್ತೆಯವರು ಕಿವಿಗೊಟ್ಟು ಕೇಳಿ ಹೇಳಿದರು: "ಹುಡುಗಿ ಕೇಳಾಕತ್ತಾಳ, ರೊಟ್ಟಿ ಉತ್ತರ ಕೊಡಾಕತ್ತೈತಿ. ಇನ್ನೇನ ಬೇಕು?"

ಸೆರಗು

ಮರುದಿನ ಮಗಳು ಉಪಾಯ ಹೂಡಿ, ಗುಂಡಿ ಒತ್ತಿಟ್ಟು, ಬೇಕೆಂದೇ ನೀರು ತುಂಬಿಡುವ ಪಿಂಪಿನ, ಅಂದರೆ ಡ್ರಮ್ಮಿನ, ಮುಚ್ಚಳ ತೆರೆದಿಟ್ಟಳು. ನಾನು ನೋಡಿದವಳೇ ಎಲ್ಲವನ್ನೂ ಮರೆತು ಗದರಿದೆ. ಅವಳು ನಗುತ್ತಾ ಅದನ್ನೇ ತಿರುಗಿ ಕೇಳಿಸಿದಳು.

ಮೊಬೈಲಿನಿಂದ ಬಂದದ್ದು ನನ್ನ ಧ್ವನಿಯಲ್ಲ. ಸಾಕ್ಷಾತ್ ಅತ್ತೆಯವರ ಧ್ವನಿ! ಅದೇ ಏರು, ಅದೇ ಎಳೆತ. ನನಗರಿವಿಲ್ಲದೆಯೇ ಕೈ ಮೇಲೆದ್ದು ತಲೆಯ ಮೇಲೆ ಸೆರಗು ಹೊದಿಸಿತು.

ನಿದ್ದೆಯಿಂದೆದ್ದ ಅತ್ತೆಯವರು, "ಯಾವಾಕಿ ಅಕಿ, ಇಷ್ಟು ಜೋರು ಬಾಯಿಯಾಕಿ?" ಎಂದರು.

"ಅಜ್ಜೀ, ನಮ್ಮ ಅವ್ವ. ನಿನ್ನಂಗ ಅನಸ್ತಾಳಲ್ಲ?"

ಅತ್ತೆಯವರು ಇನ್ನೊಮ್ಮೆ ಹಾಕಿಸಿ ಕೇಳಿದರು. "ಅಂತೂ ಕಲತಳು," ಎಂದು ಸಮಾಧಾನದಿಂದ ಮತ್ತೆ ಮಲಗಿಕೊಂಡರು.

ಆದರೆ ಬೈಗುಳದ ಮೊದಲಿಗೆ ಪೂರ್ಣ ಹೆಸರಿರಲಿಲ್ಲ. ಅದು ನಡೆಯಲಿಲ್ಲ.

ಲೇಡೀಸ್ ಡಬ್ಬಿಯಲ್ಲಿ

ಮನೆಯಲ್ಲಿ ಆಗದ್ದು ಹೊರಗೆ ಆದೀತೆಂದು ಮಗಳು ನನ್ನನ್ನು ವಡಾಲದಿಂದ ಲೋಕಲ್ ಹತ್ತಿಸಿದಳು. ಲೇಡೀಸ್ ಡಬ್ಬಿಯ ಆ ಗದ್ದಲದಲ್ಲಿ ನನ್ನ ಬಾಯಿ ಇನ್ನಷ್ಟು ಬಿಗಿಯಿತು. ಹತ್ತು ರೂಪಾಯಿಗೆ ಎರಡರಂತೆ ಹೇರ್‌ಪಿನ್, ಕ್ಲಿಪ್ಪು ಮಾರುತ್ತಾ ಬಂದ ಹೆಂಗಸಿನ ಕೂಗು ಮಾತ್ರ ಸೊಗಸಾಗಿ ಹಿಡಿದಿತ್ತು. ಅವಳು ಡಬ್ಬಿಯ ಆಚೆ ತುದಿಗೆ ಹೋದ ಮೇಲೆ ಮಗಳು ಹಸಿರು ಗುಂಡಿ ಒತ್ತಿದಳು.

"ದಸ್ ಮೇ ದೋ! ದಸ್ ಮೇ ದೋ!"

ಪಕ್ಕದ ಇಬ್ಬರು ಸರಕು ತೋರಿಸೆಂದು ನನ್ನತ್ತ ಕೈ ಚಾಚಿ, "ದಿಖಾವೋ" ಎಂದರು. ನಾನು ಬೆವತುಹೋದೆ. ಅಷ್ಟರಲ್ಲಿ ಆಚೆ ತುದಿಯಿಂದ ಆ ಹೆಂಗಸೇ ಜನರನ್ನು ಸೀಳಿಕೊಂಡು ಬಂದಳು. ತನ್ನ ಗಾಡಿಯಲ್ಲಿ ಇನ್ನೊಬ್ಬಳು ಯಾರು ವ್ಯಾಪಾರಕ್ಕಿಳಿದಳೆಂದು ಅವಳ ಸಿಟ್ಟು. ಕೂಗುತ್ತಿರುವುದು ತಾನೇ ಎಂದು ತಿಳಿದಾಗ ಬಾಯಿ ತೆರೆದು ನಿಂತಳು. ಬಳಿಕ ಮಗಳ ಪಕ್ಕದಲ್ಲಿ ಕುಕ್ಕರಿಸಿ, ತನ್ನ ಮೊಬೈಲನ್ನು ಮುಂದೆ ಹಿಡಿದು, ಮೆಲ್ಲಗೆ ಹಿಂದಿಯಲ್ಲಿ ಕೇಳಿದಳು: "ಇದನ್ನು ನನಗೂ ಹಾಕಿಕೊಡು, ಬೇಟಾ. ಇವತ್ತಿನಿಂದ ಇದು ಕೂಗಲಿ, ನಾನು ಕೂತಿರುತ್ತೇನೆ."

ಕೆಮ್ಮು

ಕಡೆಗೆ ಮಗಳು ಕಣ್ಣೀರು ತಂದುಕೊಂಡಳು. "ನಾಳೆ ಲಾಸ್ಟ್ ಡೇ, ಅವ್ವಾ." ನಾನು ದೇವರಿಗೆ ಕೈಮುಗಿದು ಕುಳಿತೆ.

ಈ ಊರಿನಲ್ಲಿ ಹೆಂಗಸಿನ ಪೂರ್ಣ ಹೆಸರೆಂದರೆ ಮೊದಲು ಅವಳ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ನಾನು ನನ್ನ ಹೆಸರು ಹೇಳಿದೆ. ನಡುವಿನದು ಬಂದಾಗ ಕೆಮ್ಮು ಬಂತು. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಕೆಮ್ಮು.

"ಅವ್ವಾ, ಪಪ್ಪಾನ ಹೆಸರು ಖಾಂಸಿ ಅಲ್ಲ!"

ದಾರಿ ತೋರಿಸಿದವರು ಅತ್ತೆಯವರು. "ಒಡಪು ಹಾಕಿ ಹೇಳವ್ವ. ಮದುವ್ಯಾಗ ಹೇಳಿದ್ದಿಲ್ಲೇನು?" ಒಡಪಿನಲ್ಲಾದರೆ, ಪ್ರಾಸದ ಸಾಲುಗಳ ಮರೆಯಲ್ಲಿಟ್ಟು ಆ ಹೆಸರನ್ನು ಹೇಳಬಹುದು, ದೋಷವಿಲ್ಲ. ನಾನು ಕಣ್ಣು ಮುಚ್ಚಿ, ಅಲ್ಲಿಯೇ ಕಟ್ಟಿ ಹೇಳಿದೆ:

"ವಡಾಲದ ಲೋಕಲ್‌ನಾಗ ಗರ್ದಿ ಭಾಳ,
ತಾವು ನಿಂತು ನನಗ ಸೀಟು ಕೊಡತಾರ ಕೇಳ,
ಬಂಗಾರದಂಥದು ನಮ್ಮ ಬಾಳ,
ನನ್ನ ರಾಯರ ಹೆಸರು ……"

ಇಲ್ಲಿ ಚುಕ್ಕೆ ಇಟ್ಟಿರುವುದನ್ನು ಓದುಗರು ಮನ್ನಿಸಬೇಕು. ಬರೆಯುವುದಕ್ಕೂ ಕೈ ಏಳದು. ಅಂದು ಮಾತ್ರ ಹೇಳಿದೆ, ಅಡ್ಡಹೆಸರಿನ ಸಮೇತ. ಅದೇ ಕ್ಷಣ ಒಳಗೆ ಚಹಾ ಕುಡಿಯುತ್ತಿದ್ದ ಯಜಮಾನರು ಕೂಗಿದರು: "ಸುಳ್ಳು! ಯಾವಾಗ ಕೊಟ್ಟೇನಿ?"

ಅದೂ ಹಿಡಿದುಹೋಯಿತು. ಹಸನು ಮಾಡದ ಜೋಳವಲ್ಲವೇ!

ಮೇಡಂ ಮತ್ತು ಸೀಟು

ಕಾಲೇಜಿನ ಮೇಡಂ ಉಡುಪಿಯ ಕಡೆಯವರು. ಮರುದಿನ ಮಗಳ ಜೊತೆ ಕಾಲೇಜಿಗೆ ಹೋದ ನನ್ನನ್ನು ಕಂಡು ಪ್ರೀತಿಯಿಂದ, "ಮಾತಾಡಿದ್ದು ನೀವೇ ಅಲ್ಲವಾ? ಪೂರ್ಣ ಹೆಸರು ಹೇಳಿ, ಬರೆದುಕೊಳ್ತೇನೆ," ಎಂದರು.

ನಾನು ನನ್ನ ಹೆಸರು ಹೇಳಿದೆ. ಬಳಿಕ ಕೆಮ್ಮಿದೆ.

"ಅಯ್ಯೋ, ಅವರಿಗೆ ನೀರು ಕೊಡಿ ಮಾರಾಯ್ರೆ!"

ನೀರು ಬಂತು, ಕುಡಿದೆ. ಮೇಡಂ ಮತ್ತೆ ಪೆನ್ನು ಎತ್ತಿದರು. ನಾನು ಮತ್ತೆ ಕೆಮ್ಮಿದೆ. ಮಗಳು ತಡೆಯಲಾರದೆ ಹಸಿರು ಗುಂಡಿ ಒತ್ತಿದಳು. ಒಡಪು ಪೂರ್ತಿ ಕೇಳಿತು, ಹೆಸರು ಸ್ಪಷ್ಟವಾಗಿ ಬಂತು, ಹಿಂದೆಯೇ ಗುಡುಗಿದಂತೆ "ಸುಳ್ಳು!"

ಮೇಡಂ ಬರೆಯುತ್ತಿದ್ದ ಕೈ ನಿಲ್ಲಿಸಿದರು. "ಹೆಸರು ಸುಳ್ಳೋ, ಸೀಟು ಸುಳ್ಳೋ? ಯಾವುದೆಂದು ಹೇಳಿದರೆ ಪಾಸು ಮಾಡುತ್ತೇನೆ."

"ಸೀಟು, ಮೇಡಂ!" ಎಂದವಳು ನಾನೇ. ಅಷ್ಟು ಜನರೆದುರು, ಅಷ್ಟು ಜೋರಾಗಿ! ಕೋಣೆಯೆಲ್ಲ ನಕ್ಕಿತು. ಮಗಳು ಪಾಸಾದಳು.

ಆ ಭಾನುವಾರ ನಾನು, ಮಗಳು, ಯಜಮಾನರು ಮೂವರೂ ಬೊರಿವಲಿಯಲ್ಲಿರುವ ನಾದಿನಿಯ ಮನೆಗೆ ಪೇಡೆ ಕೊಡಲು ಹೊರಟೆವು. ಲೋಕಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಸೀಟು ತೆರವಾಯಿತು. ಯಜಮಾನರು ಎಂದಿನಂತೆ ಒಂದೇ ನೆಗೆತಕ್ಕೆ ಕುಳಿತು, ಹಾಯಾಗಿ ಉಸಿರು ಬಿಟ್ಟರು.

ಮಗಳು ಚೀಲದಿಂದ ಮೊಬೈಲನ್ನು ಹೊರತೆಗೆದು, ಹಸಿರು ಗುಂಡಿಯ ಮೇಲೆ ಬೆರಳಿಟ್ಟು ಅವರನ್ನೇ ನೋಡಿದಳು.

ಅವಳು ಒತ್ತುವ ಮೊದಲೇ ಅವರು ಎದ್ದು ನಿಂತರು. "ಕುಂಡ್ರವ್ವ ತಾಯಿ," ಎಂದು ನನಗೆ ಹೇಳಿ, ಮಗಳ ಕಡೆ ತಿರುಗಿ ಕೈಮುಗಿದರು: "ಈಗರ ಆ 'ಸುಳ್ಳು' ಅನ್ನೂದೊಂದು ಹಸನು ಮಾಡಿ ತಗೀವಾ!"